ಒಂದಿಂಚಿನ ತಗಾದೆ

ನಾಚಾರಂನಲ್ಲಿ ಮನೆ ಕಟ್ಟಿಸಿದ ಯಾರನ್ನೇ ಮಾತಿಗೆಳೆಯಿರಿ, ಮಾತು ಕೊನೆಗೆ ಬಂಡೆಗೆ ಬಂದು ನಿಲ್ಲುತ್ತದೆ. ಕೆಲವು ಕಡೆ ಮೊಣಕಾಲುದ್ದ ಅಗೆಯುವಷ್ಟರಲ್ಲೇ ಹಾರೆ ಠಣ್ಣೆನ್ನುತ್ತದೆ. ಹೈದರಾಬಾದ್ ಕುಳಿತಿರುವುದೇ ಗ್ರಾನೈಟಿನ ಮೇಲೆ; ಸುಮಾರು 250 ಕೋಟಿ ವರ್ಷ ವಯಸ್ಸಿನ ಕಲ್ಲು. ನಮ್ಮ ಮನೆಯ ಮಾಳಿಗೆ ಹತ್ತಿ ನಿಂತರೆ ಬೋಳು ಮೌಲಾಲಿ ಗುಡ್ಡ ಕಾಣುತ್ತಿತ್ತು. ಆ ಗುಡ್ಡದ ಬುಡ ನಮ್ಮ ಅಡುಗೆಮನೆಯ ಕೆಳಗೂ ಹಾದಿದೆ ಎಂದು ಅಪ್ಪ ನಂಬಿದ್ದರು. ಗೋಡೆ ಕಟ್ಟಿದವರಿಗಿಂತ ಕಲ್ಲು ಒಡೆದವರಿಗೇ ಹೆಚ್ಚು ದುಡ್ಡು ಕೊಟ್ಟೆ ಎಂಬುದು ಅವರು ಮನೆಗೆ ಬಂದವರಿಗೆಲ್ಲ ಒಪ್ಪಿಸುತ್ತಿದ್ದ ಲೆಕ್ಕ.

ಅಪ್ಪ ರಾಯಚೂರಿನವರು. ಎಪ್ಪತ್ತರ ದಶಕದಲ್ಲಿ ನಾಚಾರಂ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಬಂದವರು. ನಿಜಾಮರ ಕಾಲದಲ್ಲಿ ರಾಯಚೂರು, ಕಲಬುರಗಿ, ಬೀದರಿನವರಿಗೆ ಹೈದರಾಬಾದೇ ರಾಜಧಾನಿ. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು ನಿಜ, ಆದರೆ ದವಾಖಾನೆ, ಕಾಲೇಜು, ನೌಕರಿ ಎಂದಾಗ ಜನ ಅಭ್ಯಾಸಬಲದಿಂದ ಈ ಕಡೆಯ ಬಸ್ಸನ್ನೇ ಹತ್ತುತ್ತಿದ್ದರು. ನಮ್ಮ ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ತೆಲುಗು, ಕಿರಾಣಿ ಅಂಗಡಿಯಲ್ಲಿ ದಖನಿ ಉರ್ದು. ಕನ್ನಡದ ಕಾರ್ಯಕ್ರಮವಿದ್ದ ದಿನ ಇಸ್ತ್ರಿ ಬಟ್ಟೆ ತೊಟ್ಟು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಹೋಗುವುದು. ಎನ್.ಟಿ. ರಾಮರಾವ್ ಕಟ್ಟಿಸಿದ ರಾಮಕೃಷ್ಣ ಸಿನಿ ಸ್ಟುಡಿಯೊ ಇದ್ದದ್ದು ನಾಚಾರಂನಲ್ಲೇ ಆದ್ದರಿಂದ ರಾಯಚೂರಿನ ಸೋದರತ್ತೆಯ ಮಕ್ಕಳು ಬಂದರೆ ಅದರ ಗೇಟು ತೋರಿಸಿ ನಾವು ಸ್ವಲ್ಪ ಮೆರೆಯುತ್ತಿದ್ದೆವು.

ಮನೆಯ ಹಿಂಬದಿಯಲ್ಲಿ ಬಚ್ಚಲು, ಅದಕ್ಕೆ ತಾಗಿ ಪಾಯಖಾನೆ. ನೆಲಕ್ಕೆ ತಾಂಡೂರು ಕಲ್ಲು. ಪಾಯಖಾನೆಯಲ್ಲಿ ಮಾತ್ರ ಎರಡು ಮೆಟ್ಟಿಲು ಹತ್ತಿ ಕಟ್ಟೆಯ ಮೇಲೆ ಕೂರಬೇಕು. ಎಲ್ಲರ ಮನೆಯಲ್ಲೂ ಹೀಗೇ ಇರುತ್ತದೆ ಎಂದುಕೊಂಡೇ ಬೆಳೆದೆ. ಕಟ್ಟೆಯ ಕಾರಣ ತಿಳಿದದ್ದು ಬಹಳ ತಡವಾಗಿ. ಇಂಡಿಯನ್ ಪ್ಯಾನಿನ ಕೆಳಗೆ ನೀರು ನಿಲ್ಲುವ ಟ್ರ್ಯಾಪ್ ಇರುತ್ತದೆ. ಟ್ರ್ಯಾಪಿನ ಮೂತಿ ಪೈಪಿನ ಬಾಯಿಗೆ ಕೂರಬೇಕು. ಪೈಪು ಹೊರಗಿನ ಚೇಂಬರಿನವರೆಗೆ ಇಳಿಜಾರಾಗಿ ಹೋಗಬೇಕು. ಇಷ್ಟಕ್ಕೆಲ್ಲ ನೆಲದ ಕೆಳಗೆ ಒಂದು, ಒಂದೂವರೆ ಅಡಿ ಜಾಗ ಬೇಕು. ಮಹಡಿಯ ಮೇಲಾದರೆ ಬಚ್ಚಲಿನ ಭಾಗದಲ್ಲಿ ಸ್ಲ್ಯಾಬನ್ನೇ ಅಷ್ಟು ತಗ್ಗಿಸಿ ಹಾಕಿ, ಪೈಪು ಕೂರಿಸಿ, ಇಟ್ಟಿಗೆ ಚೂರು ತುಂಬಿ ಮುಚ್ಚುತ್ತಾರೆ. ಕೆಳಮನೆಯಲ್ಲಿ ಮಣ್ಣು ಅಗೆದರೆ ಮುಗಿಯಿತು. ನಮ್ಮಲ್ಲಿ ಮಣ್ಣಿರಲಿಲ್ಲ, ಬಂಡೆಯಿತ್ತು. ಪೈಪು ಕೆಳಗಿಳಿಯಲಾರದ್ದಕ್ಕೆ ಕೂರುವವರು ಮೇಲೇರಿದ್ದರು.

ಅವ್ವನಿಗೆ ಆ ಎರಡು ಮೆಟ್ಟಿಲ ಬಗ್ಗೆ ಯಾವ ತಕರಾರೂ ಇರಲಿಲ್ಲ. ಅವಳು ರಾಯಚೂರಿನ ಕೋಟೆಯ ಹತ್ತಿರ ಬೆಳೆದ ಮನೆಯ ಪಾಯಖಾನೆಯೂ ಕಟ್ಟೆಯ ಮೇಲೆಯೇ ಇತ್ತು. ಅಲ್ಲಿ ಕಟ್ಟೆಗೆ ಬೇರೆಯೇ ಕಾರಣ. ಕೆಳಗೆ ತಗಡಿನ ಡಬ್ಬ, ಹಿಂದಿನ ಗಲ್ಲಿಯ ಕಡೆಗೆ ಗೋಡೆಯಲ್ಲೊಂದು ಸಣ್ಣ ಬಾಗಿಲು. ಬೆಳಗಿನ ಜಾವ ಯಾರೋ ಬಂದು ಆ ಬಾಗಿಲಿನಿಂದ ಡಬ್ಬ ಎಳೆದು ತಲೆಯ ಮೇಲಿನ ಬುಟ್ಟಿಗೆ ಸುರಿದುಕೊಂಡು ಹೋಗುತ್ತಿದ್ದರು. "ಆಕಿ ಮಾರಿ ನಾವು ಯಾರೂ ನೋಡಿದ್ದಿಲ್ಲ. ನೋಡಬಾರದು ಅಂತನ ಹಿಂದ ಬಾಗಿಲ ಇಟ್ಟಿದ್ರು" ಎಂದು ಅವ್ವ ಒಮ್ಮೆ ಹೇಳಿದ್ದಳು. ಎಪ್ಪತ್ತರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದ ಸುದ್ದಿ ರೇಡಿಯೊದಲ್ಲಿ ಬಂದಾಗ, ಮನೆಯ ಹಿರಿಯರಿಗೆ ಮೊದಲು ಹೊಳೆದದ್ದು ಆ ಹೆಂಗಸಿನ ಬಿಡುಗಡೆಯಲ್ಲ, ಇನ್ನು ಗುಂಡಿ ತೋಡಿಸಲು ಖರ್ಚೆಷ್ಟು ಎಂಬುದು. ಅವ್ವ ಇದನ್ನು ಹೇಳುವಾಗ ನಗುತ್ತಿರಲಿಲ್ಲ.

ನಾಚಾರಂನ ನಮ್ಮ ಗಲ್ಲಿಗೆ ಆಗಿನ್ನೂ ಒಳಚರಂಡಿ ಬಂದಿರಲಿಲ್ಲ. ಹಿತ್ತಲಲ್ಲಿ ಬಂಡೆ ಒಡೆದು ಮಾಡಿದ ಸೆಪ್ಟಿಕ್ ಟ್ಯಾಂಕು. ತುಂಬಿದಾಗ ಟ್ಯಾಂಕರಿನವರು ಬಂದು ಹೀರಿಕೊಂಡು ಹೋಗುತ್ತಿದ್ದರು. ಒಳಚರಂಡಿ ಎಂಬುದು ಹಳೆಯ ಊರಿನ ಭಾಗ್ಯ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಹರಿದು ಸಾವಿರಾರು ಜನ ಸತ್ತ ಮೇಲೆ ನಿಜಾಮ ಸರ್ಕಾರ ಕರೆಸಿಕೊಂಡದ್ದು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. 1909ರಲ್ಲಿ ಬಂದ ಅವರು ಪ್ರವಾಹ ತಡೆಯಲು ಜಲಾಶಯಗಳನ್ನು ಕಟ್ಟಬೇಕೆಂದರು. 1920ರಲ್ಲಿ ಮುಗಿದ ಉಸ್ಮಾನ್ ಸಾಗರ, 1927ರ ಹಿಮಾಯತ್ ಸಾಗರ ಆ ಸಲಹೆಯ ಫಲ. ಅದರ ಜೊತೆಗೇ ಊರಿನ ಕೊಳಚೆ ನೆಲದಡಿಯಲ್ಲಿ ಹರಿದುಹೋಗುವ ಒಳಚರಂಡಿಯ ಯೋಜನೆಯನ್ನೂ ಹಾಕಿಕೊಟ್ಟರು. ಜಲಾಶಯ ನೋಡಲು ಜನ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ; ಚರಂಡಿ ನೋಡಲು ಯಾರು ಹೋದಾರು? ಅಪ್ಪ ಮಾತ್ರ ವಿಶ್ವೇಶ್ವರಯ್ಯನವರ ಹೆಸರು ಬಂದಾಗಲೆಲ್ಲ ಕನ್ನಂಬಾಡಿ ಬಿಟ್ಟು ಹೈದರಾಬಾದಿನ ಮೋರಿಯ ಮಾತೇ ಎತ್ತುತ್ತಿದ್ದರು. ಮೇಲೆ ಕಾಣುವುದನ್ನು ಕಟ್ಟಿದವರಿಗೆ ಊರಿನಲ್ಲಿ ಪ್ರತಿಮೆ ನಿಲ್ಲಿಸುತ್ತಾರೆ, ಕೆಳಗೆ ಹರಿಯುವುದನ್ನು ಕಟ್ಟಿದವರಿಗೆ ಊರು ಬದುಕಿರುವುದೇ ಪ್ರತಿಮೆ ಎಂಬುದು ಅವರ ವಾದ.

ಆ ಯೋಜನೆ ಹೊರಟಾಗ ನಾಚಾರಂ ಒಂದು ಹಳ್ಳಿ. ಅದರ ಗೆರೆಗಳು ಇಲ್ಲಿಯವರೆಗೆ ಬರುವ ಮಾತೇ ಇರಲಿಲ್ಲ. 1989ರಲ್ಲಿ ನೀರಿಗೂ ಚರಂಡಿಗೂ ಸೇರಿಸಿ ಜಲಮಂಡಳಿ ಆಯಿತು, 2007ರಲ್ಲಿ ಸುತ್ತಲಿನ ಪುರಸಭೆಗಳು ಮಹಾನಗರ ಪಾಲಿಕೆಗೆ ಸೇರಿ ಊರು ಗ್ರೇಟರ್ ಆಯಿತು. ನಮ್ಮ ಗಲ್ಲಿಗೂ ಕೊನೆಗೊಮ್ಮೆ ದೊಡ್ಡ ಪೈಪು ಬಂತು. ಗಲ್ಲಿಯಲ್ಲೂ ಬಂಡೆ, ಹಾಗಾಗಿ ಪೈಪು ಹೆಚ್ಚು ಆಳಕ್ಕಿಳಿಯಲಿಲ್ಲ. ಸೆಪ್ಟಿಕ್ ಟ್ಯಾಂಕು ಮುಚ್ಚಿ, ಮನೆಯ ಪೈಪನ್ನು ಗೇಟಿನ ಪಕ್ಕದ ಚೇಂಬರಿಗೆ ತಿರುಗಿಸಿದರು.

ಈ ಚೇಂಬರಿನಲ್ಲೇ ಮುಂದಿನ ಕತೆಯ ಗಂಟು ಇದೆ. ನಾಲ್ಕಿಂಚಿನ ಕಕ್ಕಸಿನ ಪೈಪು ನಲವತ್ತು ಅಡಿಗೆ ಒಂದಡಿಯಷ್ಟು ಇಳಿಯುತ್ತಿದ್ದರೆ ಒಳ್ಳೆಯದು, ಅರವತ್ತಕ್ಕೆ ಒಂದಾದರೂ ಬೇಕೇ ಬೇಕು. ಅದಕ್ಕಿಂತ ಸಪಾಟಾದರೆ ನೀರು ಮುಂದೆ ಹೋಗಿ ಗಟ್ಟಿಯದು ಹಿಂದೆ ಉಳಿಯುತ್ತದೆ. ಚೇಂಬರು ಎಷ್ಟು ಆಳದಲ್ಲಿದೆ ಎಂಬುದು ಬೀದಿಯಲ್ಲಿ ತೀರ್ಮಾನವಾಗುತ್ತದೆ. ಅಲ್ಲಿಂದ ಇಳಿಜಾರಿನ ಲೆಕ್ಕ ಹಿಡಿದು ಹಿಂದಕ್ಕೆ ಬಂದರೆ, ಇಪ್ಪತ್ತು ಅಡಿಗೆ ಆರಿಂಚು ಏರಿ, ನಮ್ಮ ಪಾಯಖಾನೆಯಲ್ಲಿ ಪೈಪಿನ ಬಾಯಿ ಎಲ್ಲಿ ತೆರೆದುಕೊಳ್ಳಬೇಕು ಎಂಬುದೂ ತೀರ್ಮಾನವಾಗಿಬಿಡುತ್ತದೆ. ಮನೆಯೊಡೆಯನ ಇಷ್ಟಕ್ಕೆ ಅಲ್ಲಿ ಜಾಗವಿಲ್ಲ. ಕಟ್ಟೆ ಇದ್ದಷ್ಟು ದಿನ ಇದು ಯಾರಿಗೂ ಬೇಕಾಗಿರಲಿಲ್ಲ.

ಬೇಕಾದದ್ದು ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಬದಲಿಸಿಕೊಂಡ ವರ್ಷ. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಮೂರು ಮಾತು ಒತ್ತಿ ಹೇಳಿದರು: ಕುಕ್ಕರಗಾಲಿನಲ್ಲಿ ಕೂರುವಂತಿಲ್ಲ, ತಗ್ಗಾದ ಕುರ್ಚಿಯಲ್ಲೂ ಕೂರುವಂತಿಲ್ಲ, ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು. ಎರಡು ಮೆಟ್ಟಿಲು, ಮೇಲೆ ಇಂಡಿಯನ್ ಪ್ಯಾನು. ಅಪ್ಪನಿಗೆ ತಮ್ಮದೇ ಮನೆಯ ಪಾಯಖಾನೆ ಮುಚ್ಚಿದ ಬಾಗಿಲಾಯಿತು. ಮಂಚದ ಪಕ್ಕದಲ್ಲಿ ನಡುವೆ ತೂತಿದ್ದ ಕುರ್ಚಿಯೊಂದನ್ನು ತಂದಿಟ್ಟೆವು. ಅದನ್ನು ತೊಳೆಯುವ ಕೆಲಸ ನನ್ನದು. ನಾನು ಅದನ್ನು ಎತ್ತಿಕೊಂಡು ಹೊರಡುವಾಗ ಅಪ್ಪ ಗೋಡೆಯ ಕಡೆಗೆ ತಿರುಗಿ ಮಲಗುತ್ತಿದ್ದರು. ಕಾರ್ಖಾನೆಯಲ್ಲಿ ಹತ್ತಾರು ಜನರ ಮೇಲೆ ಶಿಫ್ಟು ನಡೆಸಿದ ಮನುಷ್ಯ. ಕಮೋಡು ಹಾಕಿಸುವುದು ಎಂದು ನಾನೂ ಅವ್ವನೂ ತೀರ್ಮಾನಿಸಿದೆವು.

ರಾಣಿಗಂಜಿನ ಸ್ಯಾನಿಟರಿ ಅಂಗಡಿಗೆ ಹೋದರೆ ಅಂಗಡಿಯವರು ನನ್ನ ಹಿಂದೆ ಬಾಗಿಲ ಕಡೆ ನೋಡಿ, "ಸಾರ್ ಗಾಡಿ ಪಾರ್ಕ್ ಮಾಡ್ತಿದ್ದಾರಾ?" ಎಂದು ತೆಲುಗಿನಲ್ಲಿ ಕೇಳಿದರು. ಬಣ್ಣ ಯಾವುದು ಎಂದು ನನ್ನನ್ನು ಕೇಳಬಹುದು, ಟ್ರ್ಯಾಪ್ ಯಾವುದು ಎಂದು ಕೇಳಲು ಮಾತ್ರ ಒಬ್ಬ ಸಾರ್ ಬೇಕಿತ್ತು. ಕಮೋಡಿನಲ್ಲಿ ಎರಡು ಜಾತಿ. ಎಸ್ ಟ್ರ್ಯಾಪಿನದು ನೇರ ನೆಲಕ್ಕೆ ಇಳಿಯುತ್ತದೆ. ಪಿ ಟ್ರ್ಯಾಪಿನದು ಹಿಂದಿನ ಗೋಡೆಗೆ ಹೋಗುತ್ತದೆ, ಅದರ ಪೈಪಿನ ನಡುಮಧ್ಯ ನೆಲದಿಂದ ಸುಮಾರು ಏಳಿಂಚು ಎತ್ತರದಲ್ಲಿರುತ್ತದೆ. ನಮ್ಮ ಪೈಪಿನ ಬಾಯಿ ನೆಲದಲ್ಲಿತ್ತು, ಎಸ್ ಟ್ರ್ಯಾಪಿನದೇ ಬಂತು. ಜೊತೆಗೆ ರಬ್ಬರ್ ವಾಷರಿದ್ದ ಪ್ಲಾಸ್ಟಿಕ್ ಫ್ಲ್ಯಾಂಜು.

ಕಟ್ಟೆ ಒಡೆದಾಗ ಕಂಡದ್ದು ಬೀಡಿನ ಹಳೆಯ ಬೆಂಡು, ಅದರ ಅಗಲ ಬಾಯಿ ನೆಲದಿಂದ ಮೇಲೆದ್ದು ನಿಂತಿತ್ತು. ಜಾರದ ಟೈಲ್ಸ್ ಹಾಕಿದ ಮೇಲೂ ಒಂದು ಇಂಚು ಉಳಿಯಿತು. ಅದರ ಮೇಲೆ ಕೂತ ಫ್ಲ್ಯಾಂಜು ಟೈಲ್ಸಿಗೆ ತಾಗದೆ ಗಾಳಿಯಲ್ಲಿತ್ತು. ನಮಗೆ ಸಿಕ್ಕಿದ್ದ ಪ್ಲಂಬರು ಹೆಚ್ಚು ಯೋಚಿಸಲಿಲ್ಲ. ಕಮೋಡನ್ನು ಫ್ಲ್ಯಾಂಜಿನ ಮೇಲೆ ಕೂರಿಸಿ, ಕೆಳಗೆ ಸುತ್ತಲೂ ಉಳಿದ ಸಂದಿಗೆ ವೈಟ್ ಸಿಮೆಂಟ್ ತುಂಬಿ, ಒದ್ದೆ ಬಟ್ಟೆಯಿಂದ ಒರೆಸಿ ನುಣ್ಣಗೆ ಮಾಡಿದ. ನೋಡಲು ಚೆಂದ. ಅವ್ವ ಅವನಿಗೆ ಚಹಾದ ಜೊತೆ ಉಪ್ಪಿಟ್ಟನ್ನೂ ಕೊಟ್ಟಳು.

ಈಗ ಆಲೋಚಿಸಿದರೆ ಅದರಲ್ಲಿ ಕೆಟ್ಟುಹೋಗದೆ ಇರಲು ಯಾವ ಕಾರಣವೂ ಇರಲಿಲ್ಲ. ಕಮೋಡು ಕೂತಿರಬೇಕಾದದ್ದು ತನ್ನ ಪಾದದ ಮೇಲೆ. ಫ್ಲ್ಯಾಂಜಿನ ಕೆಲಸ ಬರೀ ಬಾಯಿಗೆ ಬಾಯಿ ಕೂಡಿಸುವುದು, ಭಾರ ಹೊರುವುದಲ್ಲ. ಅಮೆರಿಕದ ಮನೆಗಳಲ್ಲಿ ಫ್ಲ್ಯಾಂಜಿನ ತಳ ಮುಗಿದ ನೆಲಕ್ಕೆ ಒರಗಿರಬೇಕು, ಮೇಲ್ಮೈ ನೆಲದಿಂದ ಕಾಲಿಂಚಿನಷ್ಟು ಮಾತ್ರ ಏಳಬೇಕು ಎಂಬ ಲೆಕ್ಕವಿದೆ. ಅದರ ಮೇಲೆ ಮೇಣದ ಉಂಗುರ ಇಟ್ಟು ಕಮೋಡನ್ನು ಒತ್ತಿ ಕೂರಿಸುತ್ತಾರೆ. ಫ್ಲ್ಯಾಂಜು ತಗ್ಗಾಗಿದ್ದರೆ ಚಿಂತೆಯಿಲ್ಲ, ಮೇಲೊಂದು ಉಂಗುರ ಸೇರಿಸಿದರಾಯಿತು. ಎತ್ತರವಾಗಿದ್ದರೆ ಕಮೋಡಿನ ಪಾದ ನೆಲ ಮುಟ್ಟುವುದೇ ಇಲ್ಲ. ಕೂತವರ ಭಾರವೆಲ್ಲ ನಡುವಿನ ಬಾಯಿಯ ಮೇಲೆ ಬೀಳುತ್ತದೆ. ಪಿಂಗಾಣಿ ಬಾಗುವುದಿಲ್ಲ, ವೈಟ್ ಸಿಮೆಂಟ್ ಅಷ್ಟು ದಪ್ಪಕ್ಕೆ ನಿಲ್ಲುವುದಿಲ್ಲ.

ಸ್ವಲ್ಪ ದಿನಕ್ಕೆ ಅಲುಗಾಟ ಶುರುವಾಯಿತು. ಅಪ್ಪ ಏಳುವಾಗ ಒಂದು ಕೈ ಗೋಡೆಯ ಹಿಡಿಗೆ, ಒಂದು ಕೈ ಕಮೋಡಿನ ಅಂಚಿಗೆ ಊರುತ್ತಿದ್ದರು. ಊರಿದಾಗಲೆಲ್ಲ ಅದು ಕೂದಲೆಳೆಯಷ್ಟು ಓಲುತ್ತಿತ್ತು. ಆಮೇಲೆ ವಾಸನೆ. ಫಿನಾಯಿಲು, ಕರ್ಪೂರ, ಊದಿನಕಡ್ಡಿ, ಎಲ್ಲ ಆಯಿತು. ಬಾಗಿದ ಕೊಳವೆಯಲ್ಲಿ ನೀರು ನಿಲ್ಲಿಸಿ ಚರಂಡಿಯ ಗಾಳಿಯನ್ನು ತಡೆಯುವ ಉಪಾಯಕ್ಕೆ 1775ರಲ್ಲಿ ಪೇಟೆಂಟ್ ಪಡೆದವನು ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ಮಾಡುವವನು. ಇಂದಿಗೂ ಮನೆಗೂ ಊರಿನ ಚರಂಡಿಗೂ ನಡುವೆ ಇರುವುದು ಎರಡಿಂಚು ನೀರಷ್ಟೆ. ಆದರೆ ಆ ನೀರು ಕಮೋಡಿನ ಹೊಟ್ಟೆಯಲ್ಲಿರುತ್ತದೆ, ನಮ್ಮ ಬಿರುಕು ಅದಕ್ಕಿಂತ ಕೆಳಗಿತ್ತು. ಎಷ್ಟು ನೀರು ಸುರಿದರೂ ವಾಸನೆಗೆ ಅಡ್ಡಿಯಿರಲಿಲ್ಲ. ನುಣ್ಣನೆಯ ವೈಟ್ ಸಿಮೆಂಟಿನ ಒಳಗೆ ಸೋರಿದ್ದೆಲ್ಲ ಟೈಲ್ಸಿನ ಅಡಿಗೆ ಇಳಿದು ಪಕ್ಕದ ಕೋಣೆಯ ಗೋಡೆಯಲ್ಲಿ ಉಪ್ಪೊಡೆದು ಬಂತು. ಹೊರಗೆ ಒಂದು ಹನಿಯೂ ಕಂಡಿರಲಿಲ್ಲ.

ಎರಡನೆಯ ಸಲ ಬಂದವನು ಗಾರೆ ಕೆಲಸದ ಮೇಸ್ತ್ರಿ, ಎದುರು ಮನೆಗೆ ಮಹಡಿ ಕಟ್ಟುತ್ತಿದ್ದವನು. ಹೈದರಾಬಾದಿನ ಅರ್ಧ ಕಟ್ಟಡಗಳ ಮಣ್ಣು ಹೊತ್ತವರು ಪಾಲಮೂರಿನ, ಎಂದರೆ ಮಹಬೂಬನಗರದ ಕಡೆಯ ಕೂಲಿಗಳು. ಇವನೂ ಆ ಜಿಲ್ಲೆಯವನೇ. ಅವ್ವ ಮತ್ತು ನಾನು ಕನ್ನಡದಲ್ಲಿ ಗೊಣಗುತ್ತಿದ್ದುದನ್ನು ಕೇಳಿ, "ನಾವೂ ಕನ್ನಡದೋರೆ ಅದೀವಿ ಅಮ್ಮಾರ. ಕೃಷ್ಣಾದ ಬಾಜೂಕ ನಮ್ಮೂರು" ಎಂದ. ರಾಯಚೂರು ಬಿಟ್ಟು ನದಿ ದಾಟಿದರೆ ಕೃಷ್ಣಾ ಎಂಬ ಹೆಸರಿನದೇ ಸ್ಟೇಷನ್ನು. 1956ರ ಗೆರೆ ನದಿಯ ಮೇಲೆ ಬಿದ್ದು ಆಚೆ ದಂಡೆಯಲ್ಲಿ ಉಳಿದ ಕನ್ನಡದ ಊರುಗಳು ಅವು. ಅವ್ವನ ಮುಖ ಅರಳಿತು. ಮಾತು ರಾಯಚೂರಿನ ಯಾವ ಓಣಿ, ಯಾರ ಪೈಕಿ ಎಂಬಲ್ಲಿಗೆ ಹೋಗಿ ಕಮೋಡು ಮರೆತೇ ಹೋಗುವುದರಲ್ಲಿತ್ತು.

ಅವನು ಮೊದಲು ಮಾಡಿದ ಕೆಲಸ, ರಸಮಟ್ಟ ಇಟ್ಟು ನೋಡಿದ್ದಲ್ಲ, ಉಳಿ ಹಿಡಿದದ್ದಲ್ಲ, ಅಪ್ಪನ ಮಂಚದ ಬಳಿ ಹೋಗಿ, "ದೊಡ್ಡವ್ರ, ಕುಂತಾಗ ಹೆಂಗ ಅನಸ್ತದ? ಏಳಾಗ ಯಾ ಕಡಿ ವಾಲತದ?" ಎಂದು ಕೇಳಿದ್ದು. ಆ ಪಾಯಖಾನೆಯ ವಿಷಯದಲ್ಲಿ ಅಪ್ಪನನ್ನೇ ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅಪ್ಪ ಗೋಡೆಯಿಂದ ಈಚೆ ತಿರುಗಿ ಎಂಜಿನಿಯರಂತೆ ವಿವರಿಸಿದರು: ಕೂರುವಾಗ ಸರಿ, ಏಳುವಾಗ ಎಡಕ್ಕೆ, ಅದಕ್ಕಿಂತ ಮುಖ್ಯವಾಗಿ ಸೀಟು ಇನ್ನೂ ಸ್ವಲ್ಪ ಎತ್ತರವಿದ್ದರೆ ಮಂಡಿಗೆ ಸುಖ.

ಸೋರುವುದು ಎಲ್ಲೆಂದು ನೋಡಲು ಮೇಸ್ತ್ರಿ ಕುಂಕುಮ ಕೇಳಿದ, ನೀರಿಗೆ ಕಲಸಿ ಸುರಿಯಲು. ಅವ್ವ ಹೌಹಾರಿದಳು. "ಕುಂಕುಮಾನ ಅಲ್ಲಿಗೆ ಹಾಕ್ತಾರೇನಪ್ಪಾ?" ಬಟ್ಟೆಗೆ ಹಾಕುವ ನೀಲಿ ಕೊಟ್ಟಳು. ನೀಲಿ ನೀರು ಸುರಿದು, ವೈಟ್ ಸಿಮೆಂಟನ್ನು ಉಳಿಯಿಂದ ಒಂದು ಕಡೆ ಎಬ್ಬಿಸಿದಾಗ ಒಳಗೆಲ್ಲ ನೀಲಿ. ಫ್ಲ್ಯಾಂಜಿನ ಅಂಚು ಸೀಳಿತ್ತು, ವಾಷರು ಒಂದು ಬದಿಗೆ ಸರಿದಿತ್ತು.

ಆಮೇಲೆ ಲೆಕ್ಕ. ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಅವನು ಒಂದೊಂದಾಗಿ ಬೆರಳು ಮಡಿಚಿದ. ಪೈಪಿನ ಬಾಯಿ ಕೊಯ್ದು ಇಳಿಸಬಹುದಲ್ಲ ಎಂದು ನಾನು ಕೇಳಿದೆ. "ಹೊಸಾ ಪಿವಿಸಿ ಇದ್ರ ಕೊಯ್ದುಬಿಡ್ತಿದ್ದೆ ಅಕ್ಕಾರ. ಇದು ಬೀಡು. ಬಾಯಿ ಕೆಳಗ ನೆಟ್ಟಗಿನ ತುಂಡೇ ಇಲ್ಲ, ಸೀದಾ ಬೆಂಡು. ಕೊಯ್ದ್ರ ಕೂಡಸಲಿಕ್ಕ ಏನೂ ಉಳಿಯಂಗಿಲ್ಲ." ಬೆಂಡನ್ನೇ ಕಿತ್ತು ತಗ್ಗಿಸಿದರೆ? "ತಗ್ಗಸ್ಬಹುದು. ಕೆಳಗ ಬಂಡಿ ಒಡೀಬೇಕು. ಒಡೆದ್ರೂ ಚೇಂಬರಿಗೆ ಹೋಗೋ ಇಳಕಲು ಹಾಳಾಗ್ತದ. ಇವತ್ತು ಅಲಗಾಡ್ತದ ಅಂತ ಸರಿ ಮಾಡಿದ್ರ, ನಾಳಿಗಿ ಕಟ್ಟಿಕೊಂಡು ಕುಂದರ್ತದ." ಪಿ ಟ್ರ್ಯಾಪಿನ ಕಮೋಡು ತಂದು ಗೋಡೆಯಾಚೆ ಪೈಪು ತೆಗೆಯುವುದು ಮೂರನೆಯ ದಾರಿ, ಆದರೆ ಗೋಡೆಯಾಚೆ ಪಕ್ಕದ ಮನೆಯವರ ಜಾಗ. ಇಡೀ ನೆಲವನ್ನೇ ಒಂದಿಂಚು ಏರಿಸುವುದು ನಾಲ್ಕನೆಯದು. ಆಗ ಹೊಸ್ತಿಲಲ್ಲಿ ಅಪ್ಪನ ಕಾಲಿಗೆ ಹೊಸ ಎಡವು, ಬಚ್ಚಲ ನೀರು ಹರಿಯುವ ಜಾಲರಿಯೂ ಗುಂಡಿಯಲ್ಲಿ ಉಳಿಯುತ್ತದೆ.

ಐದನೆಯ ಬೆರಳು ಮಡಿಚುವ ಮುಂಚೆ ಅವನು ಅಪ್ಪನ ಮಾತು ನೆನಪಿಸಿದ. ಸೀಟು ಒಂದಿಂಚು ಎತ್ತರವಾದರೆ ಅವರಿಗೇ ಸುಖವಲ್ಲವೆ? ಹಾಗಾದರೆ ಬಾಯಿ ಇಳಿಸುವುದು ಬೇಡ, ನೆಲವೆಲ್ಲ ಏರಿಸುವುದೂ ಬೇಡ. ಕಮೋಡಿನ ಪಾದದಡಿಗೆ ಮಾತ್ರ ಒಂದು ಕಲ್ಲು. ಮಲ್ಲಾಪುರದ ದಾರಿಯಲ್ಲಿ ಗ್ರಾನೈಟು ಕೊಯ್ಯುವ ಶೆಡ್ಡಿನಲ್ಲಿ ಅಡುಗೆ ಕಟ್ಟೆಗೆ ಕೊಯ್ದು ಉಳಿದ ತುಂಡು ಸಿಗುತ್ತದೆ, ಮುಕ್ಕಾಲು ಇಂಚು ದಪ್ಪ. ಕೆಳಗೆ ಕಾಲಿಂಚು ಗಾರೆ. ಅಲ್ಲಿಗೆ ಒಂದಿಂಚಿನ ತಗಾದೆ ತೀರಿತು. ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಅಪ್ಪ ಕೂಗಿದರು: "ಅವತ್ತು ರೊಕ್ಕ ಕೊಟ್ಟು ಒಡಿಸಿದ ಕಲ್ಲು, ಇವತ್ತು ರೊಕ್ಕ ಕೊಟ್ಟು ತರಬೇಕೇನೋ!" ಆಪರೇಷನ್ನಿನ ಮೇಲೆ ಆ ಮನೆಯಲ್ಲಿ ಅವರ ನಗೆ ಕೇಳಿದ್ದು ಆಗಲೇ.

ಮೇಸ್ತ್ರಿ ಕಮೋಡು ಎತ್ತಿ ಅದರ ಪಾದದ ಆಕಾರವನ್ನು ರಟ್ಟಿನ ಮೇಲೆ ಬರೆದುಕೊಂಡ, ಸುತ್ತಲೂ ಎರಡು ಬೆರಳು ಹೆಚ್ಚಿಟ್ಟು ಕಲ್ಲು ಕೊಯ್ಸಿದ, ನಡುವೆ ಬೀಡಿನ ಬಾಯಿ ತೂರುವಷ್ಟು ದುಂಡಗೆ ತೂತು ಹೊಡೆಸಿದ. ಟೈಲ್ಸಿನ ನುಣುಪಿಗೆ ಗಾರೆ ಹಿಡಿಯುವುದಿಲ್ಲವೆಂದು ಅಷ್ಟು ಜಾಗವನ್ನು ಉಳಿಯಿಂದ ಕಚ್ಚು ಹಾಕಿದ. ಗಾರೆಯ ಮೇಲೆ ಕಲ್ಲು ಕೂರಿಸಿ, ರಸಮಟ್ಟದ ಗುಳ್ಳೆ ನಡುವಿಗೆ ಬರುವವರೆಗೆ ಕರಣೆಯ ಹಿಡಿಯಿಂದ ಕುಟ್ಟಿದ. ಆಮೇಲೆ ಹೊಸ ಫ್ಲ್ಯಾಂಜು. ಈಗ ಅದರ ತಳ ಕಲ್ಲಿಗೆ ಒರಗಿತು, ಗಾಳಿಯಲ್ಲಿ ಉಳಿಯಲಿಲ್ಲ. ಗಾರೆ ಗಟ್ಟಿಯಾಗುವವರೆಗೂ ಕಮೋಡು ಇಡುವುದಿಲ್ಲ ಎಂದು ಹಟ ಹಿಡಿದ; ಅಷ್ಟು ದಿನವೂ ಕೆಲಸಕ್ಕೆ ಬರುವಾಗ ಹೋಗುವಾಗ ನಮ್ಮ ಮನೆ ಹೊಕ್ಕು ಕಲ್ಲಿನ ಮೇಲೆ ಗೋಣಿ ತೋಯಿಸಿ ಹೋಗುತ್ತಿದ್ದ. ಕಮೋಡು ಕೂರಿಸಿದ ದಿನ, ತಿರುಪು ಬಿಗಿಯುವ ಮುಂಚೆ ತಾನೇ ಅದರ ಮೇಲೆ ಕೂತು ಎಡಕ್ಕೂ ಬಲಕ್ಕೂ ವಾಲಿ ನೋಡಿದ.

ಕೊನೆಗೆ ಅಂಚಿಗೆ ಸಿಲಿಕಾನ್ ಹಚ್ಚಿದ. ಮುಂದೆ, ಎಡಕ್ಕೆ, ಬಲಕ್ಕೆ ಹಚ್ಚಿ, ಹಿಂದೆ ಮಾತ್ರ ನಾಲ್ಕು ಬೆರಳಷ್ಟು ಹಾಗೇ ಬಿಟ್ಟು ಎದ್ದ. ಟ್ಯೂಬು ಖಾಲಿಯಾಯಿತೇ ಎಂದೆ. "ಟ್ಯೂಬು ಅದರಿ. ಅಲ್ಲಿ ಹಚ್ಚಂಗಿಲ್ಲ. ನಾಳಿಗಿ ಏನರ ಸೋರಿದ್ರ ಅಲ್ಲಿಂದ ಹೊರಗ ಬರಬೇಕು, ನಿಮ್ಮ ಕಣ್ಣಿಗಿ ಬೀಳಬೇಕು. ಪೂರಾ ಮುಚ್ಚಿದ್ರ ಮೊದಲಿನಂಗ ಗ್ವಾಡಿಗಿ ಹೋಗತದ." ತನ್ನ ಕೆಲಸ ಕೆಟ್ಟರೆ ಅದು ಎಲ್ಲರಿಗೂ ತಿಳಿಯಲಿ ಎಂದು ತಾನೇ ದಾರಿ ಬಿಟ್ಟು ಹೋಗುವವನನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಕಚೇರಿಗಳಲ್ಲಿ ಕೆಲಸ ಮಾಡಿದವಳು ನಾನು. ಅಲ್ಲಿ ನಾವು ಕಲಿಯುವುದು ಸಂದು ಕಾಣದಂತೆ ಒರೆಸುವುದನ್ನು.

ಎತ್ತರದ ತಪ್ಪು ಯಾರದು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಮನೆ ಕಟ್ಟುವಾಗ ಪೈಪಿನವನು ಬರುವ ಹೊತ್ತಿಗೆ ನೆಲವೇ ಇರುವುದಿಲ್ಲ. ಅವನು ಇನ್ನೂ ಬಾರದ ನೆಲವನ್ನು ಊಹಿಸಿ ಬಾಯಿ ಇಡುತ್ತಾನೆ. ನೆಲದವನು ಬರುವ ಹೊತ್ತಿಗೆ ಪೈಪಿನವನು ಹೋಗಿರುತ್ತಾನೆ. ಇಬ್ಬರ ನಡುವೆ ಮಾತು ನಡೆಯದ ಕಡೆ ಒಂದಿಂಚು ಹೆಚ್ಚೋ ಕಡಿಮೆಯೋ ಆಗುತ್ತದೆ. ಅದಕ್ಕೇ ತಿಳಿದ ಮೇಸ್ತ್ರಿಗಳು ಮುಗಿದ ನೆಲ ಎಲ್ಲಿಗೆ ಬರುತ್ತದೆ ಎಂದು ಮೊದಲೇ ಗೋಡೆಯ ಮೇಲೆ ಗೆರೆ ಎಳೆದುಬಿಡುತ್ತಾರೆ; ಎಲ್ಲರೂ ಆ ಗೆರೆಯಿಂದಲೇ ಅಳೆಯಬೇಕು. ನಮ್ಮ ಮನೆಯಲ್ಲಂತೂ ಬಂಡೆ, ಬೀದಿ, ಬೀಡಿನ ಬೆಂಡು, ಮುಪ್ಪು, ಎಲ್ಲವೂ ತಮ್ಮ ತಮ್ಮ ಗೆರೆ ಎಳೆದಿದ್ದವು. ಅಂಥ ಕಡೆ ತಪ್ಪಿಗಿಂತ ಕೆಟ್ಟದ್ದು ತಪ್ಪಿನ ಮೇಲೆ ನುಣ್ಣಗೆ ಮೆತ್ತುವುದು.

ನಮ್ಮ ಊರುಗಳು ಮೆತ್ತುವುದರಲ್ಲಿ ಪಳಗಿವೆ. ಮಳೆ ಬಂದಾಗ ನಾಚಾರಂನ ತಗ್ಗು ಗಲ್ಲಿಗಳಲ್ಲಿ ಮ್ಯಾನ್‌ಹೋಲು ಉಕ್ಕುತ್ತದೆ. ಮಾರನೆಯ ದಿನ ಡಾಂಬರು ಬೀಳುತ್ತದೆ. ಮೊದಲು ಟ್ಯಾಂಕರಿನ ಕೊಳವೆ ಹಿಡಿದು ಹಿತ್ತಲಿಗೆ ಬರುತ್ತಿದ್ದವರ ಹೆಸರನ್ನು ನಾವು ಎಂದೂ ಕೇಳಿರಲಿಲ್ಲ. ಚರಂಡಿಗೂ ಸೆಪ್ಟಿಕ್ ಟ್ಯಾಂಕಿಗೂ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸಬಾರದೆಂದು 2013ರಲ್ಲಿ ಕಾನೂನೇ ಆಯಿತು. ಇಳಿದವರು ಸತ್ತ ಸುದ್ದಿ ಆಮೇಲೂ ಪೇಪರಿನ ಒಳಪುಟದಲ್ಲಿ ಬರುತ್ತಲೇ ಇತ್ತು. 2017ರಲ್ಲಿ ಹೈದರಾಬಾದಿನ ಜಲಮಂಡಳಿ ಕಿರಿದಾದ ಗಲ್ಲಿಗೂ ನುಗ್ಗುವ ಸಣ್ಣ ಜೆಟ್ಟಿಂಗ್ ಗಾಡಿಗಳನ್ನು ತಂದಿತು. ಅದು ನಮ್ಮ ಗಲ್ಲಿಗೆ ಮೊದಲ ಸಲ ಬಂದಾಗ ಅವ್ವ ಗೇಟಿನವರೆಗೆ ಹೋಗಿ ನಿಂತು ನೋಡಿದಳು. ಒಳಗೆ ಬಂದು, "ಇವತ್ತು ಕೆಲಸಾ ಮಾಡೋರ ಮಾರಿ ನೋಡಿ ಬಂದೆ" ಎಂದಳು. ರಾಯಚೂರಿನ ಹಿಂಬಾಗಿಲಿನ ಹೆಂಗಸು ಅವಳ ತಲೆಯಿಂದ ಹೋಗಿರಲಿಲ್ಲವೆಂದು ನನಗೆ ತಿಳಿದದ್ದು ಆಗ.

ಅಪ್ಪ ಉಳಿದ ವರ್ಷಗಳಲ್ಲಿ ಆ ಕಮೋಡು ಅಲುಗಲಿಲ್ಲ. ಯಾರ ಕೈಯನ್ನೂ ಹಿಡಿಯದೆ ಹೋಗಿ ಬಂದರು, ಬಾಗಿಲು ಹಾಕಿಕೊಂಡು ಹೋದರು. ಮೇಸ್ತ್ರಿ ಎದುರು ಮನೆಯ ಕೆಲಸ ಮುಗಿಸಿ ಬೇರೆ ಕಡೆ ಹೋದ. ಊರಿಂದ ಬರುವಾಗ ಒಂದು ಸಲ ಶೇಂಗಾ ತಂದುಕೊಟ್ಟು, ಅಪ್ಪನನ್ನು ಮಾತಾಡಿಸುವ ಮುಂಚೆ ಕಮೋಡಿನ ಹಿಂದೆ ಬಗ್ಗಿ ನೋಡಿದ.

ಅಪ್ಪ ಹೋದ ಮೇಲೆ ನಾನೂ ಅವ್ವನೂ ಮಹಡಿಗೆ ಹೋಗಿ, ಕೆಳಮನೆಯನ್ನು ಬಾಡಿಗೆಗೆ ಕೊಡುವುದೆಂದಾಯಿತು. ಸುಣ್ಣಬಣ್ಣಕ್ಕೆ ಬಂದ ಹುಡುಗ ಪಾಯಖಾನೆಯಿಂದ ಕೂಗಿ ಕರೆದ. "ಇಲ್ಲಿ ಹಿಂದೆ ಬಿಟ್ಟುಬಿಟ್ಟಿದ್ದಾರೆ ಮೇಡಂ, ಮುಚ್ಚಿಬಿಡಲಾ?" ಬೇಡ ಎಂದು ಕಾರಣ ಹೇಳಿದೆ. ಅವನಿಗೆ ಒಪ್ಪಿಗೆಯಾಗಲಿಲ್ಲ. ನೋಡಿದವರು ಕೆಲಸ ಅರ್ಧಕ್ಕೇ ಬಿಟ್ಟಿದ್ದಾರೆ ಎಂದುಕೊಳ್ಳುತ್ತಾರೆ ಎಂದ. ಅಂದುಕೊಳ್ಳಲಿ ಎಂದೆ. ಬಾಡಿಗೆ ಕರಾರಿನಲ್ಲಿ, ಬಾಡಿಗೆ ಇಷ್ಟು, ಅಡ್ವಾನ್ಸ್ ಇಷ್ಟು, ನೀರಿನ ಬಿಲ್ಲು ಯಾರದು ಎಂಬ ಸಾಲುಗಳ ಕೆಳಗೆ ಒಂದು ಸಾಲು ಹೆಚ್ಚಿಗೆ ಬರೆಸಿದೆ: ಕಮೋಡಿನ ಹಿಂದೆ ನೀರು ಕಂಡರೆ ಅದೇ ದಿನ ತಿಳಿಸಬೇಕು. ಓದಿದ ಬಾಡಿಗೆದಾರರು ಗಂಡ ಹೆಂಡತಿ ಇಬ್ಬರೂ ನಕ್ಕರು. ಆದರೆ ಸಹಿ ಹಾಕುವ ಮುಂಚೆ ಒಳಗೆ ಹೋಗಿ ಬಗ್ಗಿ ನೋಡಿಕೊಂಡು ಬಂದರು.